ಒಂದೂವರೆ ಪೌಂಡ್ ಗ್ಯಾಸು

1952ರ ಫೆಬ್ರವರಿ 11, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬಳ್ಳಾರಿಯ ವೆಲ್ಡಿಂಗ್ ಅಂಗಡಿ ಮಾಲೀಕ ಕೊಟ್ರಬಸಪ್ಪ ಠಾಣೆಗೆ ಬಂದು ದೂರು ಬರೆಸಿದ. ಸಿರುಗುಪ್ಪದ ಅಕ್ಕಿ ಗಿರಣಿಯ ರಿಪೇರಿಗೆ ಹದಿನೈದು ದಿನಕ್ಕೊಮ್ಮೆ ಲಾರಿಯಲ್ಲಿ ಹೋಗುವ ಅಸಿಟಿಲೀನ್ ಸಿಲಿಂಡರು, ಇಲ್ಲಿ ತೂಗಿದ್ದಕ್ಕಿಂತ ಅಲ್ಲಿ ಒಂದೂವರೆ ಪೌಂಡ್ ಕಡಿಮೆ ತೂಗುತ್ತಿತ್ತು. ಮೂರು ಸಲವೂ ಅಷ್ಟೇ. ಡ್ರೈವರ್ ಮಾರೆಣ್ಣನೇ ಕಳ್ಳ, ಇನ್ನು ಅವನ ಕೈಗೆ ಲಾರಿ ಕೊಡುವುದಿಲ್ಲ ಎಂದ. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಗವಿಸಿದ್ದಪ್ಪ ಮಾರೆಣ್ಣನನ್ನು ಕರೆಸಿದರು. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದವನು, ತಾನು ಕದ್ದಿಲ್ಲ ಎಂದನೇ ಹೊರತು ಯಾರ ಹೆಸರನ್ನೂ ಹೇಳಲಿಲ್ಲ. ಲಾರಿಯಲ್ಲಿ ಅವನ ಜೊತೆಗಿರುತ್ತಿದ್ದವನು ವೆಲ್ಡರ್ ಪಾಲಯ್ಯ ಒಬ್ಬನೇ. ಅವನ ಮೇಲೆ ಕೊಟ್ರಬಸಪ್ಪನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಗವಿಸಿದ್ದಪ್ಪ ಅಂಗಡಿಯ ಗೋಡೆಗೆ ಅಂಟಿಸಿದ್ದ ಪಟ್ಟಿ ನೋಡಿದರು. ಗ್ಯಾಸು ಪೌಂಡಿಗೆ ಹದಿನಾಲ್ಕೂವರೆ ಘನ ಅಡಿ. ಅಂದರೆ ಕಾಣೆಯಾದದ್ದು ಹತ್ತಿರ ಹತ್ತಿರ ಇಪ್ಪತ್ತೆರಡು ಅಡಿ.

"ಇದನ್ನ ಸೀಮೆಎಣ್ಣಿಯಂಗ ಡಬ್ಬಿಗಿ ಸುರುವಿ ಮಾರಾಕ ಬರತೈತೇನು?"

"ಇಲ್ರಿ ಸಾಹೇಬ್ರ," ಎಂದ ಕೊಟ್ರಬಸಪ್ಪ. "ಉರಿಸಬೇಕಷ್ಟ."

"ಸಣ್ಣ ಉರಿಗಿ ತಾಸಿಗೆಷ್ಟು ಬೇಕು?"

"ಹನ್ನೊಂದು ಅಡಿ."

ಎರಡು ತಾಸು. ಗ್ಯಾಸು ಕದ್ದು, ಪ್ರತಿ ಸಲವೂ ಎರಡೇ ತಾಸು ಉರಿಸುವ ಕಳ್ಳನನ್ನು ಗವಿಸಿದ್ದಪ್ಪ ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಇನ್ನೊಂದೇ ಸಲ ಮಾರೆಣ್ಣನನ್ನು ಕಳಿಸಲು ಮಾಲೀಕನನ್ನು ಒಪ್ಪಿಸಿದರು.

13ನೇ ತಾರೀಖು ಬುಧವಾರ ಲಾರಿ ಸಿರುಗುಪ್ಪದ ದಾರಿ ಬಿಟ್ಟು ಕುರುಗೋಡಿಗೆ ಹೊರಳಿತು. ಅದರ ಹಿಂದೆ ದೂರದಲ್ಲಿ ಪೊಲೀಸ್ ಜೀಪು. 11.20ಕ್ಕೆ ಸರ್ಕಾರಿ ಸೂಲಗಿತ್ತಿ ಯಂಕಮ್ಮನ ಅಂಗಳದಲ್ಲಿ ಸಿಲಿಂಡರು ಇಳಿಯಿತು. ಆಕೆಯ ಗಂಡ ತೀರಿಕೊಂಡು ಆರು ವರ್ಷ. ಹಳ್ಳಿ ಹಳ್ಳಿಗೆ ಹೆರಿಗೆಗೆ ಹೋಗುವುದು ಸೈಕಲ್ಲಿನಲ್ಲಿ. ಆ ಸೈಕಲ್ಲು ಮುರಿದು ಬಿದ್ದಿತ್ತು. ಪಾಲಯ್ಯ ಉರಿ ಹಚ್ಚಿ, ಅದನ್ನು ಗಾಳಿಯಲ್ಲೇ ಹಿಡಿದುಕೊಂಡು ಆಕೆಯ ಜೊತೆ ಮಾತಿಗೆ ಕುಳಿತ. ಹತ್ತು ನಿಮಿಷದ ಕೆಲಸ. ಹುಣಸೆ ಮರದ ಹಿಂದೆ ಗವಿಸಿದ್ದಪ್ಪ ಗಡಿಯಾರ ನೋಡುತ್ತಲೇ ಇದ್ದರು. ಮಧ್ಯಾಹ್ನ ಒಂದು ಗಂಟೆ ದಾಟಿತು.

"ಇವರ ಮಾತು ಮುಗಿಯಂಗಿಲ್ರಿ ಸಾಹೇಬ್ರ," ಎಂದ ಕಾನ್‌ಸ್ಟೇಬಲ್ ಉಚ್ಚಂಗೆಪ್ಪ. "ಗ್ಯಾಸ್ ಮುಗೀತೈತಿ."

ಪೊಲೀಸರನ್ನು ಕಂಡು ಪಾಲಯ್ಯ ಓಡಲಿಲ್ಲ.

"ಮಾರೆಣ್ಣನ್ನ ಬಿಡ್ರಿ. ಅವ ಲಾರಿ ನಿಂದ್ರಸ್ಯಾನ ಅಷ್ಟ. ಗ್ಯಾಸಿಂದು ನಂದ ತಪ್ಪು."

"ಉರಿ ಯಾಕ ಆರಿಸಲಿಲ್ಲ?"

"ಆರಿಸಿದ್ರ ಕೆಲಸ ಮುಗೀತು ಅಂತ ಎದ್ದು ಹೋಗಬೇಕಲ್ರಿ."

"ಗಿರಣ್ಯಾಗ ನಿನ್ನ ಬೆಸಿಗಿ ಒಂದೂ ಬಿಟ್ಟಿಲ್ಲ. ಈ ಸೈಕಲ್ ಯಾಕ ಹದಿನೈದು ದಿನಕ್ಕೊಮ್ಮಿ ಮುರೀತೈತಿ?"

ಯಂಕಮ್ಮ ಸೆರಗು ಸರಿಮಾಡಿಕೊಂಡಳು.

ಪಂಚರು ಬಂದರು. ಕಾಳಿನ ವ್ಯಾಪಾರಿಯ ಕಾಂಟಾದಲ್ಲಿ ಸಿಲಿಂಡರನ್ನು ತೂಗಿಸುವ ಮೊದಲು, ಸೈಕಲ್ಲನ್ನು ಬೆಸೆದು ಬರುವೆನೆಂದು ಪಾಲಯ್ಯ ಕೇಳಿಕೊಂಡ. ಗವಿಸಿದ್ದಪ್ಪ ಬೇರೆ ಕಡೆ ತಿರುಗಿ ಪೆನ್ನಿಗೆ ಮಸಿ ತುಂಬತೊಡಗಿದರು. ಹಿಂದಿನಿಂದ ಯಂಕಮ್ಮನ ದನಿ ಕೇಳಿಸಿತು, ಮೆಲ್ಲಗೆ.

"ಭಾಳ ಗಟ್ಟಿ ಹಾಕಬ್ಯಾಡ."

2.45ಕ್ಕೆ ದಸ್ತಗಿರಿ. ಮಾರೆಣ್ಣ ಖಾಲಿ ಲಾರಿ ಹೊಡೆದುಕೊಂಡು ಬಳ್ಳಾರಿಗೆ ಹೊರಟ. ಪಂಚನಾಮೆಯಲ್ಲಿ ತೂಕ, ಘನ ಅಡಿ, ತಾಸು ಎಲ್ಲವನ್ನೂ ಗವಿಸಿದ್ದಪ್ಪ ಸರಿಯಾಗಿ ಬರೆದರು. ಲಾಭಕ್ಕಾಗಿ ಮಾಡಿದ್ದಲ್ಲ ಎಂದೂ ಸೇರಿಸಿದರು. ಕೊನೆಗೆ ಹೊಸ ಬೆಸುಗೆಯ ಬಿಸಿ ಇನ್ನೂ ಆರದ ಸೈಕಲ್ಲಿನ ಕಡೆ ಒಮ್ಮೆ ನೋಡಿ, ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಬರೆದರು: ರಿಪೇರಿ ಬಾಕಿ.