ದೊಡ್ಡ ಪೀಠ

"ಎಲ್ಲಿ ಬೇಕಾದ್ರೂ ಕೂತ್ಕೊಪ್ಪ, ದೊಡ್ಡ ಪೀಠದಲ್ಲಿ ಮಾತ್ರ ಬೇಡ," ಎಂದಳು ಬೀಗದ ಕೈ ತಂದಿದ್ದ ಮುದುಕಿ ನೆಸ್ಟಾ.

ಗೆಥಿನ್ ನಕ್ಕ. "ಯಾಕಜ್ಜಿ, ಮೊಳೆ ಎದ್ದಿದೆಯಾ?"

ಕಾರ್ಡಿಫ್‌ನಿಂದ ಬಂದಿದ್ದ ಅವನೂ ಹೆಂಡತಿ ಆನ್ವೆನಳೂ ಬೆಟ್ಟದ ಮೇಲಿನ ಆ ಪಾಳು ಚಾಪೆಲನ್ನು, ಹಳೆಯ ಪ್ರಾರ್ಥನಾ ಮಂದಿರವನ್ನು, ಕೊಂಡು ಮನೆ ಮಾಡಿಕೊಳ್ಳುವವರಿದ್ದರು. ಸ್ಲೇಟು ಗಣಿಯವರು ದುಡಿಮೆ ಮುಗಿಸಿ ಬಂದು ತಮ್ಮ ಕೈಯಾರೆ ಕಟ್ಟಿದ್ದು. ಮೂರ್ತಿಯಿಲ್ಲ, ಬಣ್ಣದ ಗಾಜಿಲ್ಲ, ಶಿಲುಬೆಯೂ ಇಲ್ಲ. ಮೂರು ಕಡೆ ಮರದ ಉಪ್ಪರಿಗೆ. ಬೋಧಕ ನಿಲ್ಲುವ ಎತ್ತರದ ವೇದಿಕೆ. ಅದರ ಕೆಳಗೆ ಸಭೆಗೆ ಮುಖ ಮಾಡಿ ಹಿರಿಯರು ಕೂರುತ್ತಿದ್ದ ಬಾಗಿದ ಬೆಂಚು, ದೊಡ್ಡ ಪೀಠ. ಒದ್ದೆ ಸುಣ್ಣ, ಹಳೆಯ ವಾರ್ನಿಷ್, ಇಲಿ ಹಿಕ್ಕೆಯ ವಾಸನೆ.

"ಮಾರ್ಗೆಡ್ ಅಂತ, ಮದ್ವೆ ಆಗ್ದೆ ಬಸುರಾಗಿದ್ಲು. ನಮ್ಮಜ್ಜ ಅಲ್ಲಿ ಕೂತೇ ಅವಳ್ನ ಊರೆಲ್ಲ ಕೇಳೋ ಹಂಗೆ ಹೆಸರು ಹಿಡಿದು ಸಭೆಯಿಂದ ಆಚೆಗೆ ಹಾಕಿದ್ದು." ನೆಸ್ಟಾ ತಲೆ ಎತ್ತಲಿಲ್ಲ. "ಹೋಗ್ತಾ ಶಾಪ ಹಾಕಿದ್ಲು. ಇಲ್ಲಿ ಕೂತೋನ ಬಾಯಿ ತನ್ನೋರನ್ನೇ ಸುಡ್ಲಿ ಅಂತ. ಮುಂದಿನ ಭಾನುವಾರ ಅಜ್ಜ ಅಲ್ಲೇ ಕೂತು ಸ್ವಂತ ಮಗಳ ಗುಟ್ಟು ಒದರಿ ಮಾನ ಕಳೆದ. ನಮ್ಮಮ್ಮ ಅವ್ಳು."

"ಬೇಡ ಬಿಡು, ಗೆಥ್," ಎಂದಳು ಆನ್ವೆನ್.

ಅವನು ಹೋಗಿ ಕೂತೇಬಿಟ್ಟ. ಕೋಟಿನ ಕಾಲರ್ ಎತ್ತಿದ. ಹಿರಿಯರ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡ. "ಮುಂದೆ ಬಾ ಆನ್ವೆನ್. ನಿನ್ನ ಪಾಪ ಏನು?"

ಅವಳು ನಗುತ್ತ ಬಂದು ಎದುರು ನಿಂತಳು.

ಹೊರಗೆ ಕುರಿಗಳ ಕೂಗು ನಿಂತಿತು. ಕಿಟಕಿಗಳು ಮಬ್ಬಾದವು. ಉಪ್ಪರಿಗೆಯ ಬೆಂಚುಗಳು ಒಂದೊಂದಾಗಿ ಕಿರುಗುಟ್ಟಿದವು, ತುಂಬಿ ಕೂತ ಜನ ಮುಂದಕ್ಕೆ ಬಾಗಿದ ಹಾಗೆ. ಒದ್ದೆ ಉಣ್ಣೆಯ ನಾತ ಇಳಿದು ಬಂತು. ಗೆಥಿನ್ ಏಳಲು ನೋಡಿದ. ಆಗಲಿಲ್ಲ. ಬಾಯಿ ತೆರೆಯಿತು. ಮುಚ್ಚಲಿಲ್ಲ.

"ಮದುವೆಗೆ ಮುಂಚೆ ಹೆತ್ತವಳು ಇವಳು. ಕೂಸನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದವಳು. ತೊಟ್ಟಿಲ ಕಡೆ ತಿರುಗಿಯೂ ನೋಡದವಳು. ಇವಳನ್ನು ಆಚೆಗೆ ಹಾಕಿ."

ಅವನದೇ ದನಿ. ಮೇಲಿನ ಕತ್ತಲು ಗೊಣಗಿತು. ಹಾಕಿ. ಹಾಕಿ.

ಆನ್ವೆನಳ ತುಟಿ ಬಿಳಚಿತು. "ನಿಂಗೊಬ್ಬನಿಗೇ ಹೇಳಿದ್ದೆ ಅದನ್ನ," ಎಂದಳು, ಅಷ್ಟೆ. ನೆಸ್ಟಾ ಅವಳ ಹೆಗಲು ಬಳಸಿ ಹೊರಗೆ ಕರೆದೊಯ್ದಳು.

ಆಮೇಲೆ ಬೆಂಚು ಅವನನ್ನು ಬಿಟ್ಟಿತು. ಎದ್ದುಬಿದ್ದು ಓಡಿದ. ಆನ್ವೆನ್ ಕಾರಿನ ಬಾಗಿಲು ಹಿಡಿದು ನಿಂತಿದ್ದಳು.

"ಅದು ನಾನಲ್ಲ, ಆನ್ವೆನ್. ಆ ಶಾಪ..."

"ಹೇಳ್ತಾ ಇದ್ದಾಗ ನಿನ್ನ ಮುಖ ನೋಡ್ದೆ, ಗೆಥ್. ಇಷ್ಟು ದಿನ ಒಳಗಿಟ್ಕೊಂಡಿದ್ದು ಆಡಿ ಎಷ್ಟು ಹಗುರ ಆಗ್ತಿತ್ತು ನಿಂಗೆ."

ಅಲ್ಲ ಎನ್ನಲು ಅವನು ಬಾಯಿ ತೆರೆದ. ಈಗ ಅದು ಅವನದೇ ಬಾಯಿ. ತಾನೇ ಮುಚ್ಚಿಕೊಂಡ. ನಾಚಿಕೆಯಿಂದ ಕಣ್ಣು ಕೆಳಗಾಯಿತು.