ಲೋಡು ಇಳಿಯುವ ತನಕ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರುಮನೆಯ ಬಾಗಿಲೂ ಕಾಣುತ್ತಿರಲಿಲ್ಲ. ಜುಟ್ಟಿ ಕಿಟಕಿಯ ಬಳಿ ಕೂತು ಅಮ್ಮನಿಂದ ಜುಟ್ಟು ಕಟ್ಟಿಸಿಕೊಳ್ಳುತ್ತಿದ್ದಳು.

“ಇವತ್ತಾದ್ರೂ ಸಂಜೆ ಮನೇಲಿರ್ತೀಯಾ?”

“ಈ ತಿಂಗಳು ಪೂರ್ತಿ ಮಧ್ಯಾಹ್ನದ ಶಿಫ್ಟು ಕಣೆ. ಸಂಜೆ ಊರಿಗೂರೇ ಸ್ವಿಚ್ ಹಾಕುತ್ತೆ. ಟರ್ಬೈನಿಗೆ ನೀರು ಜಾಸ್ತಿ ಬಿಡಬೇಕು. ಕರೆಂಟಿನ ಲೋಡು ಇಳಿಯೋ ತನಕ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ.”

ಅಮ್ಮ ಅಣೆಕಟ್ಟಿನ ಕೆಳಗಿನ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್. ಅವಳು ಮನೆಗೆ ಬರುವಷ್ಟರಲ್ಲಿ ಜುಟ್ಟಿಗೆ ನಿದ್ದೆ ಹತ್ತಿರುತ್ತಿತ್ತು. ದಿನಕ್ಕೆ ಸಿಗುವ ಅಮ್ಮ ಎಂದರೆ ಒಂದು ಜುಟ್ಟು ಕಟ್ಟುವಷ್ಟು ಹೊತ್ತು.

ಲೋಡು ಇಳಿದರೆ ಅಮ್ಮ ಏಳಬಹುದು. ಹಾಗಾದರೆ ಇಳಿಸಿದರಾಯಿತು.

ಸಂಜೆ ಜುಟ್ಟಿ ಮನೆಯ ದೀಪಗಳನ್ನೆಲ್ಲ ಆರಿಸಿದಳು. ರೇಡಿಯೋದ ಬಾಯಿಯನ್ನೂ ಮುಚ್ಚಿಸಿದಳು.

“ಲೇ, ಕತ್ತಲಲ್ಲಿ ತುತ್ತು ಮೂಗಿಗೆ ಹೋದೀತು,” ಎಂದರು ಊಟಕ್ಕೆ ಕೂತಿದ್ದ ಅಜ್ಜ.

“ಅಷ್ಟುದ್ದ ಮೂಗಿದೆ, ಅದೂ ಒಂದಿಷ್ಟು ಉಣ್ಣಲಿ ಬಿಡಜ್ಜ.”

ಅಜ್ಜ ನಕ್ಕರು. “ಅಣೆಕಟ್ಟಿನ ನೀರು ಉಳಿಸೋಕೆ ದೀಪ ಆರಿಸಿದ್ಯಾ? ಅದು ಖರ್ಚಾಗಿ ಹೋಗಲ್ಲ ಮಗಾ. ಚಕ್ರ ತಿರುಗಿಸಿ ಹೊಳೆಗಿಳಿಯುತ್ತೆ, ಮೋಡವಾಗಿ ದೇವರ ಹತ್ರ ಹೋಗುತ್ತೆ, ಮತ್ತೆ ಬರುತ್ತೆ.”

“ನೀರು ಬರುತ್ತೆ. ಅಮ್ಮ?”

ಜುಟ್ಟಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ಮನೆಯ ಕೆಳಗೇ ಟೈಲರ್ ಅತ್ತೆಯ ಅಂಗಡಿ. ಹೊಲಿಗೆ ಮಷೀನಿನ ಮೋಟರು ಗುರ್ರೆನ್ನುತ್ತಿತ್ತು. ಅದೂ ಲೋಡೇ. ಅತ್ತೆ ಅಳತೆ ತೆಗೆಯಲು ಎದ್ದಾಗ ಜುಟ್ಟಿ ಮೆಲ್ಲಗೆ ಸ್ವಿಚ್ ಆರಿಸಿ, ಮೋಟರಿನ ವೈರು ಕಳಚಿ ಚೀಲಕ್ಕೆ ತುರುಕಿದಳು. ಹೊರಗೆ ಮೆಟ್ಟಿಲ ಮೇಲೆ ಕೂತು ಬಸ್ಸಿನ ದಾರಿ ನೋಡಿದಳು.

ಬಸ್ಸು ಬಂತು. ನಾಲ್ಕು ಜನ ಇಳಿದರು. ಅಮ್ಮ ಇಳಿಯಲಿಲ್ಲ. ಆಚೆ ಗುಡ್ಡದ ಮೇಲೆ ಒಂದರ ಹಿಂದೊಂದು ಕಿಟಕಿಗಳು ಬೆಳಗುತ್ತಲೇ ಇದ್ದವು. ಜುಟ್ಟಿ ಐವತ್ತರ ತನಕ ಎಣಿಸಿ ಬಿಟ್ಟಳು.

ಒಳಗೆ ಅತ್ತೆ ಕೈಸೂಜಿಯಲ್ಲಿ ಹೊಲಿಯುತ್ತಿದ್ದಳು. ಅವಳ ನಾಲ್ಕು ವರ್ಷದ ಮಗಳು ಬಟ್ಟೆಯ ರಾಶಿಯ ಮೇಲೆ ಚಪ್ಪಲಿ ಹಾಕಿಕೊಂಡೇ ಕೂತಿದ್ದಳು.

“ಅಮ್ಮಾ, ಮನೆಗೆ?”

“ಇದೊಂದು ಪ್ಯಾಂಟು ಮುಗೀಲಿ ಕಂದ. ವೈರು ಇದ್ದಿದ್ರೆ ಇಷ್ಟೊತ್ತಿಗೆ ಹೊರಟಿರ್ತಿದ್ವಿ. ಎಲ್ಲಿ ಹೋಯ್ತೋ ಹಾಳಾದ್ದು.”

ಮಗು ಅಳಲಿಲ್ಲ. ಬಾಗಿಲನ್ನೇ ನೋಡುತ್ತಾ ಕೂತಿತು. ಹಾಗೆ ನೋಡುವುದು ಹೇಗೆಂದು ಜುಟ್ಟಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಒಳಗೆ ಹೋಗಿ, ಚೀಲದಿಂದ ವೈರು ತೆಗೆದು ಅತ್ತೆಯ ಕೈಗಿಟ್ಟಳು.