ಗೋಡೆಗೆ ಮುಖ ಮಾಡಿದ ಪಿಯಾನೊ ಮೇಷ್ಟ್ರು

ಅವನು ಇವತ್ತು ಪಿಯಾನೊವನ್ನು ತಾನೇ ನೂಕಿ ಗೋಡೆಗೆ ಒತ್ತಿಟ್ಟು, ಅವಳಿಗೆ ಬೆನ್ನು ಮಾಡಿ ಕೂತುಬಿಟ್ಟ.



ಶಾಲೆಯಿಂದ ಶಾಲೆಗೆ ವ್ಯಾನಿನಲ್ಲಿ ಪಿಯಾನೊ ಹೊತ್ತು ತಿರುಗುವವರು ಮೂವರು. ಸಂಗೀತದ ಹಳೆಯ ಕಥೆಗಳನ್ನು ಹೇಳುವುದು ಅವಳ ಪಾಲು, ನುಡಿಸುವುದು ಮಕ್ಕಳೆಲ್ಲ ಪಿಯಾನೊ ಮೇಷ್ಟ್ರು ಎಂದು ಕರೆಯುವ ಅವನ ಪಾಲು, ವ್ಯಾನ್ ಓಡಿಸಿ ತಂತಿಗಳ ಶ್ರುತಿ ಸರಿಮಾಡುವುದು ಅವನ ಚಿಕ್ಕಪ್ಪನ ಪಾಲು. ಇಷ್ಟು ದಿನ ಪಿಯಾನೊ ಓರೆಯಾಗಿ ನಿಲ್ಲುತ್ತಿತ್ತು. ಕಥೆ ಮುಗಿದೊಡನೆ ಅವಳು ಹುಬ್ಬು ಹಾರಿಸುವಳು, ಅವನು ಶುರುಮಾಡುವನು. ಆ ಹುಬ್ಬಿಗಾಗಿ ಅವಳು ಬೆಳಿಗ್ಗೆ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾಳೆಂಬುದು ಅವಳ ಅಕ್ಕನಿಗೆ ಮಾತ್ರ ಗೊತ್ತು.

"ಯಾಕಂತೆ ಚಿಕ್ಕಪ್ಪ?" ಎಂದು ಪಿಸುಗುಟ್ಟಿದಳು.

"ನನ್ನ ಯಾಕಮ್ಮ ಕೇಳ್ತೀಯ? ನೀನುಂಟು, ಅವನುಂಟು. ನಿನ್ನೆ ಏನೋ ಅಂದ್ಯಂತಲ್ಲ."

ಅಂದದ್ದು ನಿಜ. ನಿನ್ನೆ ಅವನು ಎರಡು ಕಡೆ ತಪ್ಪಿದಾಗ, "ಮೇಷ್ಟ್ರು ತಿಂಡಿ ತಿಂದಿಲ್ಲ ಮಕ್ಳೇ, ಅದಕ್ಕೇ ಸ್ವರ ನುಂಗ್ತಿದ್ದಾರೆ" ಎಂದು ತಮಾಷೆ ಮಾಡಿದ್ದಳು. ಶಾಲೆಗೆ ಶಾಲೆಯೇ ನಕ್ಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ವರ್ಷ ಯಾರ ಜೊತೆ ಯಾರು ಎಂದು ಇವತ್ತು ಸಂಜೆ, ಇಂಥ ತಂಡಗಳನ್ನು ಶಾಲೆಗಳಿಗೆ ಕಳಿಸುವ ಆಫೀಸಿನ ಮೇಡಂಗೆ ಹೇಳಬೇಕಿತ್ತು. ಅವನು ಬೇರೆ ಕಥೆಗಾರ್ತಿಯನ್ನು ಕೇಳಿಬಿಟ್ಟರೆ? ಅವನಿಲ್ಲದ ವ್ಯಾನನ್ನು ನೆನೆಯಲೂ ಅವಳಿಗೆ ಆಗಲಿಲ್ಲ.

ಮಕ್ಕಳು ಬಂದು ಕೂತರು. ಅವಳು ಗಂಟಲು ಸರಿಮಾಡಿಕೊಂಡಳು.

"ಪಿಯಾನೊ ಹುಟ್ಟೋಕ್ಕೆ ಮುಂಚೆ ಇದೇ ಥರದ ಇನ್ನೊಂದು ವಾದ್ಯ ಇತ್ತು. ಅದರ ಕೀ ಮೆಲ್ಲಗೆ ಒತ್ತಿದ್ರೂ ಅಷ್ಟೇ ಸದ್ದು, ಗುದ್ದಿದ್ರೂ ಅಷ್ಟೇ ಸದ್ದು. ನುಡಿಸೋರಿಗೆ ಕೋಪನಾ, ಖುಷಿನಾ, ಯಾರಿಗೆ ಗೊತ್ತಾಗ್ಬೇಕು? ಆಮೇಲೆ ಒಬ್ಬರು ಒಳಗೆ ಪುಟ್ಟ ಪುಟ್ಟ ಸುತ್ತಿಗೆ ಕೂರಿಸಿದ್ರು. ಅವತ್ತಿಂದ ಬೆರಳಲ್ಲಿ ಇರೋದೆಲ್ಲ ಹೊರಗೆ ಕೇಳ್ಸುತ್ತೆ. ಈಗ ಮೇಷ್ಟ್ರ ಮನಸ್ಸಲ್ಲಿ ಏನಿದೆ, ನೀವೇ ಹೇಳಿ!"

ಹುಬ್ಬು ಹಾರಿಸಿದಳು. ಬೆನ್ನಿಗೆ ಕಣ್ಣುಂಟೇ? ಪಿಯಾನೊ ಸುಮ್ಮನಿತ್ತು. ಮಕ್ಕಳು ಕಿಸಕ್ಕೆಂದರು. ಬೇರೆ ದಾರಿ ಕಾಣದೆ ಅವಳು ಹೋಗಿ ಅವನ ಹೆಗಲನ್ನು ಬೆರಳ ತುದಿಯಿಂದ ಮುಟ್ಟಿದಳು.

ಅವನು ಬೆಚ್ಚಿಬಿದ್ದ.

ಮೊದಲು ನುಡಿಸಬೇಕಾದದ್ದು ಕೋಪ. ಎಲ್ಲ ಶಾಲೆಗಳಲ್ಲೂ ಹಾಗೇ, ಗುಡುಗಿನಂಥ ಸ್ವರಗಳು. ಇವತ್ತು ಆ ಗುಡುಗು ಕಳ್ಳ ಹೆಜ್ಜೆ ಇಟ್ಟಿತು, ತಡವರಿಸಿತು, ನಿಂತು ಮತ್ತೆ ಮೆಲ್ಲಗೆ ಹೊರಟಿತು. ಅವನ ಕಿವಿಗಳೆರಡೂ ಕೆಂಪಾಗಿದ್ದವು.

"ಭಯ!" ಎಂದಿತು ಮುಂದಿನ ಸಾಲು.

"ಅಲ್ಲ, ನಾಚಿಕೆ! ನಾಚಿಕೆ ಮಿಸ್!" ಎಂದು ಹಿಂದಿನವರು ಕೂಗಿದರು. ಇಡೀ ಹಾಲ್ ಅದನ್ನೇ ಹಿಡಿದುಕೊಂಡಿತು.

ಅವಳಿಗೆ ಹೋದ ಜೀವ ಬಂದಂತಾಯಿತು. ಏನೇ ಇರಲಿ, ಕೋಪವಂತೂ ಅಲ್ಲ. ಮಕ್ಕಳು ಯಾವತ್ತೂ ತಪ್ಪು ಹೇಳಿದವರಲ್ಲ.

ಹಾಲ್ ಖಾಲಿಯಾದ ಮೇಲೆ ಹೇಳಿಯೇಬಿಟ್ಟಳು. "ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ."

"ಸಿಟ್ಟಾ? ನೀವು ಎದುರಿಗೆ ನಗ್ತೀರ, ನನ್ನ ಬೆರಳು ತಪ್ಪುತ್ತೆ. ದಿನಾ ಹೀಗಾದ್ರೆ ಮೇಡಂ ನನ್ನ ತೆಗೆದು ಬೇರೆಯವರನ್ನ ಹಾಕ್ತಾರೆ. ಆಮೇಲೆ ನಿಮ್ಮನ್ನ ಎಲ್ಲಿ ನೋಡ್ಲಿ? ಅದಕ್ಕೇ ಗೋಡೆ ನೋಡ್ಕೊಂಡು ಕೂತೆ."

"ಗೋಡೆ ನೋಡಿದ್ರೂ ತಪ್ತಲ್ಲ!"

"ನೀವು ಮುಟ್ಟಿದ್ರಲ್ಲ!"

ಪಿಯಾನೊದೊಳಗೆ ತಲೆ ತೂರಿಸಿದ್ದ ಚಿಕ್ಕಪ್ಪ, "ನನಗೇನೂ ಕೇಳಿಸ್ಲಿಲ್ಲಪ್ಪ" ಎಂದರು.

ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. "ಸಂಜೆ ಮೇಡಂಗೆ ಏನು ಹೇಳ್ತೀರ?"

"ಮುಂದಿನ ವರ್ಷಾನೂ ನಿಮ್ಮ ಜೊತೆನೇ ಅಂತ." ಅವನು ಈಗ ಪೂರ್ತಿ ತಿರುಗಿ ಕೂತಿದ್ದ. "ಆದ್ರೆ ಒಂದು ವರ್ಷ ಸಾಕಾ ಅಂತ ಕೇಳ್ಬೇಕು."

"ಮೇಡಂನಾ?"

"ನಿಮ್ಮನ್ನ."

ಅವಳು ಅವನ ಕೈ ಹಿಡಿದುಕೊಂಡಳು.

"ಸಾಲಲ್ಲ" ಎಂದಳು.